ನಾಯಿಯ ಗಾಯಕ್ಕೆ ಮದ್ದಿಗಿಂತ ಕಾವಲು ಮುಖ್ಯ

ಮನೆಗೊಂದು ನಾಯಿ ಬೇಕೆಂದು ಹಟ ಹಿಡಿಯುವವರು ಮಕ್ಕಳು. ಮರಿಯನ್ನು ಆರಿಸಿ ತರುವವರು ಯಜಮಾನರು. ಆದರೆ ಅದಕ್ಕೆ ಅನ್ನ ಹಾಕುವುದು, ಮೈ ತೊಳೆಯುವುದು, ತಂತಿ ಬೇಲಿಗೆ ಸಿಕ್ಕಿ ಚರ್ಮ ಹರಿದುಕೊಂಡು ಬಂದಾಗ ಆರೈಕೆ ಮಾಡುವುದು, ಇವೆಲ್ಲ ಕೊನೆಗೆ ಬಂದು ಸೇರುವುದು ಗೃಹಿಣಿಯ ಪಾಲಿಗೇ! ನಾಯಿಗೂ ಅದು ಗೊತ್ತು. ಪೆಟ್ಟಾದಾಗ ಅದು ನೇರವಾಗಿ ಅಡಿಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಗಾಯ ಚಿಕ್ಕದೇ ಇರಬಹುದು. ಮುಳ್ಳು ತರಚಿದ್ದು, ಗಾಜಿನ ಚೂರು ಗೀರಿದ್ದು, ತುರಿಸಿಕೊಂಡು ಉಗುರಿನಿಂದ ಮಾಡಿಕೊಂಡದ್ದು. ಇಂಥ ಗಾಯಗಳಲ್ಲಿ ಹೆಚ್ಚಿನವು ಒಂದೆರಡು ವಾರದಲ್ಲಿ ತಾವಾಗಿಯೇ ಮಾಯುವಂಥವು. ಆದರೂ ಎಷ್ಟೋ ಮನೆಗಳಲ್ಲಿ ಎಂಟಾಣೆ ಅಗಲದ ಗಾಯ ನಾಲ್ಕು ದಿನದಲ್ಲಿ ಅಂಗೈ ಅಗಲವಾಗುತ್ತದೆ. ಕಾರಣ ಮದ್ದು ಸರಿಯಿಲ್ಲದ್ದಲ್ಲ. ಮದ್ದು ಹಚ್ಚಿದ ಮೇಲೆ ನಾಯಿಯ ನಾಲಗೆಯನ್ನು ಕಾಯುವವರು ಇಲ್ಲದ್ದು.

ನಾಲಗೆಯಲ್ಲಿ ಔಷಧಿ ಇದೆಯೇ?

"ಬಿಡ್ರೀ, ನಾಯಿ ನಾಲಗೇಲೇ ಔಷಧಿ ಇರತ್ತೆ. ಅದೇ ನೆಕ್ಕೊಂಡು ವಾಸಿ ಮಾಡ್ಕೊಳ್ಳತ್ತೆ" ಎಂದು ಪಕ್ಕದ ಮನೆಯವರು ಹೇಳುವುದನ್ನು ಎಲ್ಲರೂ ಕೇಳಿರುತ್ತೀರಿ. ಈ ಮಾತು ಪೂರ್ತಿ ಸುಳ್ಳಲ್ಲ. ನಾಯಿಯ ಜೊಲ್ಲಿನಲ್ಲಿ ಕೆಲವು ಬಗೆಯ ರೋಗಾಣುಗಳನ್ನು ಕೊಲ್ಲುವ ಗುಣವಿದೆಯೆಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 1990ರಲ್ಲಿ ಪ್ರಯೋಗಮಾಡಿ ತೋರಿಸಿದರು. ಆದರೆ ಅದೇ ಪ್ರಯೋಗದಲ್ಲಿ, ಚರ್ಮದ ಗಾಯಗಳಲ್ಲಿ ಕೀವು ಮಾಡುವ ಇನ್ನೊಂದು ಬಗೆಯ ರೋಗಾಣುವಿನ ಮೇಲೆ ಜೊಲ್ಲಿನ ಪ್ರಭಾವ ಅಷ್ಟಕ್ಕಷ್ಟೇ ಎಂಬುದೂ ಕಂಡುಬಂತು.

ಕಾಡಿನಲ್ಲಿ ಅಲೆಯುವ ಪ್ರಾಣಿಗೆ ಸೋಪಿಲ್ಲ, ನಲ್ಲಿಯಿಲ್ಲ. ಅದಕ್ಕೆ ನಾಲಗೆಯೇ ಗತಿ. ಮಣ್ಣು, ಕಸ ತೆಗೆಯಲು ಒಂದೆರಡು ಸಲ ನೆಕ್ಕಿದರೆ ಲಾಭವೂ ಉಂಟು. ಆದರೆ ನಾಯಿ ಒಂದೆರಡು ಸಲಕ್ಕೆ ನಿಲ್ಲಿಸುವುದಿಲ್ಲವಲ್ಲ! ಗಾಯ ಮಾಯುವಾಗ ನವೆಯಾಗುತ್ತದೆ, ನವೆಯಾದರೆ ನೆಕ್ಕುತ್ತದೆ, ನೆಕ್ಕಿದರೆ ಹಸಿಯಾಗಿ ಮತ್ತೆ ನವೆಯಾಗುತ್ತದೆ. ಗಾಯದ ಅಂಚಿನಿಂದ ಹಬ್ಬಿಕೊಂಡು ಬರುವ ಹೊಸ ಚರ್ಮ ಈರುಳ್ಳಿಯ ಒಳಪೊರೆಗಿಂತ ತೆಳುವಾಗಿರುತ್ತದೆ. ರಾತ್ರಿಯಿಡೀ ಬೆಳೆದದ್ದನ್ನು ಬೆಳಗಿನ ಐದು ನಿಮಿಷದ ನೆಕ್ಕಾಟ ಕಿತ್ತು ಹಾಕುತ್ತದೆ. ಸುತ್ತಲಿನ ಒಳ್ಳೆಯ ಚರ್ಮವೂ, ಬಹಳ ಹೊತ್ತು ಬಟ್ಟೆ ಒಗೆದ ನಮ್ಮ ಬೆರಳ ತುದಿಯ ಹಾಗೆ, ಬೆಳ್ಳಗೆ ನೆನೆದು ಮೆತ್ತಗಾಗುತ್ತದೆ. ಕಂಡದ್ದನ್ನೆಲ್ಲ ಮೂಸಿ ಬಾಯಿ ಹಾಕಿದ ಆ ಬಾಯಿಯ ರೋಗಾಣುಗಳೂ ಜೊತೆಗೆ ಸೇರುತ್ತವೆ. ಹೊಲಿಗೆ ಹಾಕಿದ ಗಾಯವಾದರಂತೂ ಹೊಲಿಗೆಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ನೋಡಿ, ಆಮೇಲೆ ಮುಟ್ಟಿ

ನೋವಾದ ನಾಯಿ ತನ್ನ ಮನೆಯವರನ್ನೂ ಕಚ್ಚಬಹುದು. ಅದು ಕೋಪವಲ್ಲ, ಭಯ. ಆದ್ದರಿಂದ ಮಕ್ಕಳನ್ನು ದೂರ ಕಳಿಸಿ. ಇಬ್ಬರಿದ್ದರೆ ಕೆಲಸ ಸುಲಭ. ಒಬ್ಬರು ತಲೆಯ ಕಡೆ ಕುಳಿತು ಮೆಲ್ಲಗೆ ಮಾತಾಡಿಸುತ್ತ ಹಿಡಿದಿರಲಿ, ಇನ್ನೊಬ್ಬರು ಗಾಯ ನೋಡಲಿ. ತೀರಾ ಗುರ್ ಎನ್ನುವ ನಾಯಿಯಾದರೆ ಹಳೆಯ ದುಪಟ್ಟಾ ಅಥವಾ ಮೆತ್ತನೆಯ ಸೀರೆಯ ಉದ್ದ ಪಟ್ಟಿಯಿಂದ ಮೂತಿಯನ್ನು ಎರಡು ಸುತ್ತು ಸುತ್ತಿ, ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಗಂಟು ಹಾಕಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ, ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಹೀಗೆ ಕಟ್ಟಲೇ ಕೂಡದು.

ರಕ್ತ ಬರುತ್ತಿದ್ದರೆ ಒಗೆದ ಹತ್ತಿಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ "ನಿಂತಿತೇ?" ಎಂದು ನೋಡಬೇಡಿ, ಕಟ್ಟಿದ ರಕ್ತ ಕಿತ್ತು ಬರುತ್ತದೆ. ಗಡಿಯಾರ ನೋಡಿಕೊಂಡು ಐದು ನಿಮಿಷ ಒತ್ತಿ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದನ್ನಿಟ್ಟು ಮತ್ತೆ ಐದು ನಿಮಿಷ. ಹತ್ತು ನಿಮಿಷಕ್ಕೂ ನಿಲ್ಲದಿದ್ದರೆ ಅದು ಮನೆಯಲ್ಲಿ ನೋಡುವ ಗಾಯವಲ್ಲ. ಕಾಫಿಪುಡಿ, ಸುಣ್ಣ, ಬೂದಿ ಯಾವುದನ್ನೂ ತುಂಬಬೇಡಿ. ಆಮೇಲೆ ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿಯಂಥ ತೆಳುಮೈಯ ತಳಿಗಳನ್ನು ಸಾಕಿರುವವರು ಒಂದು ಮಾತು ನೆನಪಿಡಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೂ ಕಾಣಿಸಿಕೊಂಡ ಈ ಬೇಟೆ ನಾಯಿಗೆ ಕೂದಲು ಗಿಡ್ಡ, ಚರ್ಮ ತೆಳು, ಚರ್ಮದಡಿ ಕೊಬ್ಬು ಕಡಿಮೆ. ಬೇರೆ ನಾಯಿಗೆ ತರಚುಗಾಯ ಮಾಡುವ ಮುಳ್ಳು ಇದರ ಚರ್ಮವನ್ನು ಸೀಳಿಯೇ ಬಿಡಬಹುದು. ಉದ್ದ ಕೂದಲಿನ ನಾಯಿಯದು ಇದಕ್ಕೆ ತಿರುಗುಮುರುಗು. ಮೇಲೆ ಏನೂ ಕಾಣಿಸದು, ಕೂದಲು ಸರಿಸಿದರೆ ಕೆಳಗೆ ದೊಡ್ಡ ಗಾಯ.

ತೊಳೆಯುವುದೇ ದೊಡ್ಡ ಮದ್ದು

ಬೇಕಾದ ಸಾಮಾನು ಇಷ್ಟೇ: ಅರ್ಧ ಲೀಟರು ಕುದಿಸಿ ಆರಿಸಿದ ನೀರು, ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು, ಮೊಂಡುತುದಿಯ ಕತ್ತರಿ, ಔಷಧಿ ಅಂಗಡಿಯ ಜಾಳಿಗೆ ಬಟ್ಟೆ ಇಲ್ಲವೆ ಕುದಿಸಿ ಒಣಗಿಸಿದ ಹಳೆ ಪಂಚೆಯ ತುಂಡುಗಳು, ಸೂಜಿಯಿಲ್ಲದ ಸಿರಿಂಜು. ಹತ್ತಿಯುಂಡೆ ಬೇಡ. ಅದರ ಎಳೆಗಳು ಗಾಯಕ್ಕೆ ಅಂಟಿ ಕೂರುತ್ತವೆ.

ಮೊದಲು ನಿಮ್ಮ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ನಿಮ್ಮ ಕೈಮೇಲೆ ಗೀರು ಗಾಯವಿದ್ದರೆ ಕೈಗವಸು ಇಲ್ಲವೆ ಶುಭ್ರವಾದ ಪ್ಲಾಸ್ಟಿಕ್ ಚೀಲ ತೊಟ್ಟುಕೊಳ್ಳಿ. ಒದ್ದೆ ಬಟ್ಟೆಯ ತುಂಡನ್ನು ಗಾಯದ ಮೇಲೆ ಮುಚ್ಚಿ, ಸುತ್ತಲಿನ ಕೂದಲನ್ನು ಒಂದು ಬೆರಳಗಲ ಕತ್ತರಿಸಿ. ಕತ್ತರಿಸಿದ ಕೂದಲು ಆ ಬಟ್ಟೆಗೆ ಅಂಟಿಕೊಂಡು ಬರುತ್ತದೆ, ಗಾಯದೊಳಗೆ ಬೀಳುವುದಿಲ್ಲ.

ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಸಿರಿಂಜಿನಲ್ಲಿ ತುಂಬಿ ಗಾಯದ ಮೇಲೆ ಧಾರೆಯಾಗಿ ಬಿಡಿ. ಉಜ್ಜಬೇಡಿ, ನೀರೇ ಕೊಳೆಯನ್ನು ತಳ್ಳಿಕೊಂಡು ಹೋಗಲಿ. ನಾಲ್ಕಾರು ಸಿರಿಂಜು ಹಾಕಿದ ಮೇಲೆ ಗಾಯದ ತಳ ಕೆಂಪಗೆ, ಚೊಕ್ಕಟವಾಗಿ ಕಾಣಬೇಕು. ಮಣ್ಣು ಬಹಳ ಮೆತ್ತಿದ್ದರೆ, ಕುದಿಸಿದ ನೀರಿಗಾಗಿ ಕಾಯುತ್ತ ಕೂರುವ ಬದಲು ಮೊದಲು ನಲ್ಲಿ ನೀರಿನಲ್ಲೇ ತೊಳೆಯಿರಿ. ಕೊನೆಗೆ ಒಣಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆಯಿರಿ.

ರೋಗಾಣುನಾಶಕ ಬೇಕೆಂದರೆ ಪೊವಿಡೋನ್ ಅಯೋಡಿನ್ ದ್ರಾವಣ ಸಾಕು. ಆದರೆ ಬಾಟಲಿಯಿಂದ ನೇರವಾಗಿ ಸುರಿಯಬೇಡಿ. ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಹಾಲಿಲ್ಲದ ತೆಳು ಟೀ ಬಣ್ಣ ಬಂದಾಗ ನಿಲ್ಲಿಸಿ. ಕೊಳ್ಳುವಾಗ "ಸ್ಕ್ರಬ್" ಎಂದು ಬರೆದಿರುವ ನೊರೆ ಬರುವ ಬಾಟಲಿ ತರಬೇಡಿ. ಅದರಲ್ಲಿ ಸೋಪು ಸೇರಿರುತ್ತದೆ.

ಹೀಗೆ ದಿನಕ್ಕೆ ಎರಡು ಸಲ, ಮೊದಲ ಮೂರು ನಾಲ್ಕು ದಿನ ತೊಳೆದರೆ ಚಿಕ್ಕ ಗಾಯಕ್ಕೆ ಬಹುಪಾಲು ಬೇರೆ ಮದ್ದೇ ಬೇಕಾಗುವುದಿಲ್ಲ.

ಹಚ್ಚಿದ್ದೆಲ್ಲ ಹೊಟ್ಟೆಗೆ

ನಾಯಿಯ ಮೈಗೆ ಏನು ಹಚ್ಚುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: "ಇದನ್ನು ಅದು ನೆಕ್ಕಿ ನುಂಗಿದರೆ ಏನಾದೀತು?" ಏಕೆಂದರೆ ನಾಯಿಗೆ ಮೈಮೇಲಿನ ಮದ್ದು, ಹೊಟ್ಟೆಯ ಮದ್ದು ಎಂಬ ಭೇದವಿಲ್ಲ.

ಮನೆಯ ಡಬ್ಬಿಯಲ್ಲಿರುವ ನಮ್ಮ ಮುಲಾಮುಗಳಲ್ಲಿ ಅನೇಕವು ನಾಯಿಗೆ ಅಪಾಯಕಾರಿ. ಮೈಕೈ ನೋವಿಗೆ ತಿಕ್ಕಿಕೊಳ್ಳುವ ಡೈಕ್ಲೋಫೆನಾಕ್ ಜೆಲ್ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಹುಣ್ಣಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಕರ್ಪೂರದ ಅಂಶವಿರುವ ನೆಗಡಿ, ತಲೆನೋವಿನ ಬಾಮುಗಳು ಬೇಡ. ಕೂಸುಗಳಿಗೆ ಹಚ್ಚುವ, ಸತುವಿನ ಅಂಶವುಳ್ಳ ಬಿಳಿ ಮುಲಾಮು, ಕ್ಯಾಲಮೈನ್ ಲೋಷನ್ ಬೇಡ. ತುರಿಕೆಗೆಂದು ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮು ಗಾಯ ಮಾಯುವುದನ್ನೇ ತಡೆಯುತ್ತದೆ.

ಫಿನೈಲ್, ಸೀಮೆಎಣ್ಣೆ, ಪೆಟ್ರೋಲು, ಗಾಡಿಯ ಎಣ್ಣೆ ಇವನ್ನು ಗಾಯಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇವು ಚರ್ಮವನ್ನು ಸುಡುತ್ತವೆ, ನೆಕ್ಕಿದರೆ ಬಾಯಿ ಗಂಟಲನ್ನೂ ಸುಡುತ್ತವೆ. ಸ್ಪಿರಿಟ್ ಮತ್ತು ಡೆಟಾಲ್ ಹಾಕಿದಾಗ "ಉರಿದರೆ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ" ಎನ್ನುವವರಿದ್ದಾರೆ. ಉರಿಯುವುದು ಹೊಸದಾಗಿ ಬೆಳೆಯುತ್ತಿರುವ ಮಾಂಸ! ಮನೆಯಲ್ಲಿ ಬೆಕ್ಕೂ ಇದ್ದರೆ ಫಿನೈಲು, ಡೆಟಾಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಬೆಕ್ಕಿನ ದೇಹ ಅವನ್ನು ತಾಳಲಾರದು.

ಅರಿಶಿನದ ಮಾತೇನು? ಅರಿಶಿನ ನಾಯಿಗೆ ವಿಷವಲ್ಲ. ಆದರೆ ಹಸಿ ಗಾಯಕ್ಕೆ ಪುಡಿ ಮೆತ್ತಿದರೆ ಅದು ಗಟ್ಟಿ ಹೆಕ್ಕಳೆಯಾಗಿ, ಒಳಗೆ ಕೀವು ತುಂಬಿದರೂ ಗೊತ್ತಾಗುವುದಿಲ್ಲ. ಗಾಯದ ಬಣ್ಣ ಬದಲಾದದ್ದೂ ಕಾಣುವುದಿಲ್ಲ. ಆದ್ದರಿಂದ ಅದು ಸಾರಿನ ಡಬ್ಬಿಯಲ್ಲೇ ಇರಲಿ.

ಇನ್ನು ನೋವಿನ ಮಾತ್ರೆ. "ಪಾಪ, ಕುಂಟ್ತಾ ಇದೆ, ಒಂದು ಕ್ರೋಸಿನ್ ಹಾಕೋಣ" ಎಂದು ಮಾತ್ರ ಮಾಡಬೇಡಿ. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ನಾಯಿಗಾಗಿಯೇ ಬೇರೆ ನೋವಿನ ಔಷಧಿಗಳಿವೆ. ತೂಕ ನೋಡಿ ಡಾಕ್ಟರೇ ಕೊಡಬೇಕು.

ನೆಕ್ಕದಂತೆ ಕಾಯುವುದು ಹೇಗೆ?

ತೊಳೆಯುವುದು ಹತ್ತು ನಿಮಿಷದ ಕೆಲಸ, ಕಾಯುವುದು ಹತ್ತು ದಿನದ್ದು. ಗಾಯ ಎಲ್ಲಿದೆ ಎಂಬುದರ ಮೇಲೆ ಉಪಾಯ ಬೇರೆ ಬೇರೆ.

ಕೋನ್: ಕೊರಳ ಸುತ್ತ ಕಟ್ಟುವ, ಗ್ರಾಮಫೋನಿನ ಕೊಳವೆಯಂಥ ಪ್ಲಾಸ್ಟಿಕ್ ಪಟ್ಟಿ ಇದು. ಇದಕ್ಕೆ ಎಲಿಜಬೆತನ್ ಕಾಲರ್ ಎಂಬ ದೊಡ್ಡ ಹೆಸರೂ ಉಂಟು. 1558ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಸಿರಿವಂತರು ಕೊರಳಿಗೆ ತೊಡುತ್ತಿದ್ದ ಅಗಲವಾದ ನೆರಿಗೆ ಪಟ್ಟಿಯಿಂದ ಬಂದ ಹೆಸರು ಅದು. ಕೊಳ್ಳುವಾಗ ಎರಡು ಅಳತೆ ನೋಡಿ. ಕೋನಿನ ಅಂಚು ಮೂಗಿನ ತುದಿಗಿಂತ ಒಂದೆರಡು ಅಂಗುಲ ಮುಂದಿರಬೇಕು. ಕೊರಳ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಅಂಚು ಗಿಡ್ಡವಾದರೆ ನಾಯಿ ಅರ್ಧ ದಿನದಲ್ಲೇ ಬಗ್ಗಿ ನೆಕ್ಕುವ ಉಪಾಯ ಕಲಿಯುತ್ತದೆ. ಮುಧೋಳದಂಥ ನಾಯಿಗೆ ತಲೆ ಕಿರಿದು, ಕೊರಳು ಉದ್ದ. ಕೋನ್ ಜಾರಿ ಬಿದ್ದೀತು. ಅದನ್ನು ಕೊರಳ ಬೆಲ್ಟಿಗೆ ಪೋಣಿಸಿಯೇ ಕಟ್ಟಬೇಕು.

ಮನೆಯಲ್ಲೇ ಕೋನ್: ಅಂಗಡಿ ದೂರವಿದ್ದರೆ, ಅಥವಾ ಭಾನುವಾರ ಸಂಜೆ ಗಾಯವಾದರೆ, ಬೀರುವಿನಲ್ಲಿರುವ ಹಳೆಯ ಎಕ್ಸ್-ರೇ ಫಿಲ್ಮು ಉಪಯೋಗಕ್ಕೆ ಬರುತ್ತದೆ. 14 ಅಂಗುಲ ಅಗಲ 17 ಅಂಗುಲ ಉದ್ದದ ದೊಡ್ಡ ಫಿಲ್ಮು ಎರಡು ಬೇಕು. ನಾಯಿಯ ಕೊರಳ ಸುತ್ತಳತೆಗೆ 3 ಅಂಗುಲ ಸೇರಿಸಿ ಮೂರರಿಂದ ಭಾಗಿಸಿ. ಬಂದದ್ದು ಒಳ ಕಮಾನಿನ ಅಳತೆ. ಕೊರಳಿನಿಂದ ಮೂಗಿನ ತುದಿಯವರೆಗಿನ ಉದ್ದಕ್ಕೆ 3 ಅಂಗುಲ ಸೇರಿಸಿ. ಅದು ಪಟ್ಟಿಯ ಅಗಲ. ಉದಾಹರಣೆಗೆ ಕೊರಳು 12 ಅಂಗುಲ, ಮೂಗಿನವರೆಗೆ 6 ಅಂಗುಲ ಎನ್ನಿ. ಒಳ ಕಮಾನು 5, ಪಟ್ಟಿಯ ಅಗಲ 9, ಒಟ್ಟು 14.

ಈಗ ಒಂದು ಫಿಲ್ಮಿನ ಮೂಲೆಗೆ ದಾರದ ತುದಿಯನ್ನು ಒತ್ತಿ ಹಿಡಿದು, ಇನ್ನೊಂದು ತುದಿಗೆ ಪೆನ್ನು ಕಟ್ಟಿ, 5 ಅಂಗುಲಕ್ಕೊಂದು, 14 ಅಂಗುಲಕ್ಕೊಂದು ಕಮಾನು ಎಳೆದು ಕತ್ತರಿಸಿ. ಇನ್ನೊಂದು ಫಿಲ್ಮನ್ನೂ ಹಾಗೆಯೇ ಕತ್ತರಿಸಿ. ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಎರಡು ಕಡೆಯಿಂದಲೂ ಟೇಪು ಅಂಟಿಸಿದರೆ ಅರ್ಧಚಂದ್ರಾಕಾರದ ಪಟ್ಟಿ ಸಿದ್ಧ. ಫಿಲ್ಮಿನ ಅಂಚು ಬಲು ಚೂಪು. ಒಳಗೂ ಹೊರಗೂ ಬಟ್ಟೆಯ ಪಟ್ಟಿ ಮಡಿಸಿ ಹೊಲಿಯಿರಿ ಇಲ್ಲವೆ ದಪ್ಪ ಟೇಪು ಸುತ್ತಿ. ಒಳ ಅಂಚಿನಲ್ಲಿ ನಾಲ್ಕು ಕಡೆ ತೂತು ಮಾಡಿ ಲಾಡಿಯ ಕುಣಿಕೆ ಹಾಕಿ ಬೆಲ್ಟು ಪೋಣಿಸಿ. ಕೊರಳ ಸುತ್ತ ಸುತ್ತಿ, ಎರಡು ಅಂಗುಲದಷ್ಟು ಒಂದರ ಮೇಲೊಂದು ಬರುವಂತೆ ಮಾಡಿ ಟೇಪಿನಿಂದ ಬಿಗಿಯಿರಿ. ದೊಡ್ಡ ನಾಯಿಗೆ ಫಿಲ್ಮು ಸಾಲದು. ಬಾಗುವಂಥ ದಪ್ಪ ಪ್ಲಾಸ್ಟಿಕ್ ಹಾಳೆ ತನ್ನಿ. ಪಾರದರ್ಶಕವಾದದ್ದು ಸಿಕ್ಕರೆ ಇನ್ನೂ ಒಳ್ಳೆಯದು, ನಾಯಿಗೆ ಅಕ್ಕಪಕ್ಕ ಕಾಣುತ್ತದೆ.

ಬನಿಯನ್: ಎದೆ, ಬೆನ್ನು, ಹೊಟ್ಟೆಯ ಪಕ್ಕದ ಗಾಯಕ್ಕೆ ಮಕ್ಕಳ ಹಳೆಯ ಹತ್ತಿ ಬನಿಯನ್ ಸಾಕು. ಮುಂಗಾಲುಗಳನ್ನು ತೋಳಿನಲ್ಲಿ ತೂರಿಸಿ, ಕೆಳ ಅಂಚನ್ನು ಬೆನ್ನಿನ ಮೇಲೆ ಒಟ್ಟುಗೂಡಿಸಿ ಸಡಿಲವಾಗಿ ಗಂಟು ಹಾಕಿ. ಗಂಡು ನಾಯಿಯಾದರೆ ಮೂತ್ರ ತಾಗದಂತೆ ಅಂಚನ್ನು ಮೇಲಕ್ಕೆ ಮಡಿಸಿ. ದಿನವೂ ಒಗೆದು ಬದಲಾಯಿಸಬೇಕು. ಬಟ್ಟೆಯ ಮೇಲಿಂದಲೇ ನೆಕ್ಕುವ ನಾಯಿಗೆ ಮಾತ್ರ ಇದು ಆಗದು.

ಕಾಲುಚೀಲ: ಪಾದದ ಗಾಯಕ್ಕೆ ಹಳೆಯ ಕಾಲುಚೀಲ ತೊಡಿಸಿ, ಮೇಲ್ಭಾಗವನ್ನು ಅಂಟುಪಟ್ಟಿಯಿಂದ ಹಗುರವಾಗಿ ಸುತ್ತಿ. ರಬ್ಬರ್ ಬ್ಯಾಂಡು ಎಂದಿಗೂ ಹಾಕಬೇಡಿ! ಕೂದಲಿನಲ್ಲಿ ಹುದುಗಿಹೋಗಿ, ಯಾರ ಕಣ್ಣಿಗೂ ಬೀಳದೆ, ಕಾಲಿನ ಮಾಂಸವನ್ನೇ ಕತ್ತರಿಸಿಬಿಡುತ್ತದೆ. ಪಟ್ಟಿ ಕಟ್ಟಿದರೂ ಇದೇ ಮಾತು. ಕೆಳಗಿನ ಬೆರಳುಗಳು ಊದಿದರೆ, ತಣ್ಣಗಾದರೆ ತಕ್ಷಣ ಬಿಚ್ಚಿ. ಮಳೆಯಲ್ಲಿ ಹೊರಗೆ ಹೋಗುವಾಗ ಮೇಲೊಂದು ಪ್ಲಾಸ್ಟಿಕ್ ಕವರು, ಮನೆಗೆ ಬಂದ ಕೂಡಲೇ ಅದನ್ನು ತೆಗೆಯಿರಿ. ಒದ್ದೆ ಪಟ್ಟಿಗಿಂತ ಪಟ್ಟಿಯೇ ಇಲ್ಲದಿರುವುದು ಮೇಲು.

ಕಹಿ ಹಚ್ಚುವುದು: ಬೇವಿನೆಣ್ಣೆ, ಹಾಗಲರಸ ಹಚ್ಚಿದರೆ ನೆಕ್ಕುವುದಿಲ್ಲ ಎಂಬ ಸಲಹೆ ಉಂಟು. ಕೆಲವು ನಾಯಿಗಳು ಮುಖ ಸಿಂಡರಿಸಿಕೊಂಡು ಮತ್ತೆ ನೆಕ್ಕುತ್ತವೆ. ತೆರೆದ ಗಾಯಕ್ಕಂತೂ ಇವನ್ನು ಹಚ್ಚಬಾರದು. ಮೆಣಸಿನಪುಡಿಯ ಯೋಚನೆಯೇ ಬೇಡ, ಅದು ಹಿಂಸೆ.

"ಪಾಪ" ಎನ್ನುವವರು ಜೋಕೆ

ಕೋನ್ ಕಟ್ಟಿದ ಮೊದಲ ದಿನ ನಾಯಿಯ ಮುಖ ನೋಡಲಾಗದು. ಕಲ್ಲಿನಂತೆ ನಿಂತುಬಿಡುತ್ತದೆ. ಬಾಗಿಲಿಗೆ ಬಡಿಯುತ್ತದೆ, ಮೆಟ್ಟಿಲು ಹತ್ತಲು ಹೆದರುತ್ತದೆ, ಬಾಲ ಕೆಳಗೆ ಹಾಕಿ ನಿಮ್ಮನ್ನೇ ನೋಡುತ್ತದೆ. ಆಗ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಹೇಳಿಯೇ ಹೇಳುತ್ತಾರೆ: "ಪಾಪ ಕಣೇ, ರಾತ್ರಿಯಾದ್ರೂ ಬಿಚ್ಚು, ನಿದ್ದೆ ಮಾಡ್ಲಿ." ಗಾಯ ಕೆಡುವುದು ಈ ಕನಿಕರದಿಂದಲೇ. ಹಗಲು ನೆಕ್ಕಿದರೆ "ಏಯ್" ಎನ್ನಲು ಯಾರಾದರೂ ಇರುತ್ತಾರೆ. ರಾತ್ರಿ ಎಲ್ಲರೂ ಮಲಗಿದಾಗ ಕೋನೇ ಕಾವಲುಗಾರ. ಅದನ್ನು ಬಿಚ್ಚಿದರೆ ಒಂದು ವಾರದ ಆರೈಕೆ ಒಂದೇ ರಾತ್ರಿಗೆ ಮಣ್ಣುಪಾಲು.

ಹೆಚ್ಚಿನ ನಾಯಿಗಳು ಒಂದೆರಡು ದಿನದಲ್ಲಿ ಇದಕ್ಕೆ ಒಗ್ಗಿಕೊಳ್ಳುತ್ತವೆ. ನಿಮ್ಮ ಕನಿಕರವನ್ನು ಬೇರೆ ರೀತಿಯಲ್ಲಿ ತೋರಿಸಿ. ದಾರಿಗೆ ಅಡ್ಡವಾದ ಸ್ಟೂಲು, ಹೂಕುಂಡ ಸರಿಸಿ. ಊಟದ ಬಟ್ಟಲು ಕೋನಿನ ಬಾಯಿಗಿಂತ ಚಿಕ್ಕದಿರಲಿ, ಅದನ್ನು ಮಣೆಯ ಮೇಲಿಡಿ. ಆದರೂ ತಿನ್ನಲಾಗದಿದ್ದರೆ ಊಟದ ಹೊತ್ತಿಗೆ ಮಾತ್ರ ಬಿಚ್ಚಿ, ಪಕ್ಕದಲ್ಲೇ ಕುಳಿತಿದ್ದು, ತಟ್ಟೆ ಖಾಲಿಯಾದ ಕೂಡಲೇ ಮತ್ತೆ ಕಟ್ಟಿ. ದಿನಕ್ಕೊಮ್ಮೆ ಕೋನಿನ ಒಳಭಾಗ ಒರೆಸಿ, ಕೊರಳು ಉಜ್ಜಿ ಕೆಂಪಾಗಿದೆಯೇ ನೋಡಿ. ಬೇಸಿಗೆಯಲ್ಲಿ ನಾಯಿಯನ್ನು ಗಾಳಿಯಾಡುವ ಜಾಗದಲ್ಲಿ ಕಟ್ಟಿ, ಕುಡಿಯುವ ನೀರು ಹತ್ತಿರವಿಡಿ.

ನಾಲಗೆಗೆ ಬೇರೆ ಕೆಲಸ

ಮನೆಯಲ್ಲಿ ಒಂಟಿಯಾಗಿ ಬಿದ್ದಿರುವ ನಾಯಿಗೆ ನೆಕ್ಕುವುದೇ ಹೊತ್ತು ಕಳೆಯುವ ದಾರಿ. ಆ ನಾಲಗೆಗೆ ನಾವೇ ಬೇರೆ ಕೆಲಸ ಕೊಡಬಹುದು. ಇದೊಂದು ಸುಲಭದ ತಿನಿಸು.

ಮೆತ್ತಗೆ ಬೇಯಿಸಿದ ಅನ್ನ ಅರ್ಧ ಬಟ್ಟಲು, ಬೇಯಿಸಿ ಮಸೆದ ಸಿಹಿಗುಂಬಳ ಕಾಲು ಬಟ್ಟಲು, ಹುಳಿಯಿಲ್ಲದ ಮೊಸರು ಎರಡು ದೊಡ್ಡ ಚಮಚ. ಮೂರನ್ನೂ ಕಿವುಚಿ, ಅಂಚಿರುವ ಚಿಕ್ಕ ಸ್ಟೀಲು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫ್ರಿಜ್ಜಿನ ಬರ್ಫದ ಗೂಡಿನಲ್ಲಿ ಎರಡು ಗಂಟೆ ಇಡಿ. ತೆಗೆದು ಐದು ನಿಮಿಷ ಬಿಟ್ಟು, ಲೋಹದ ತಣ್ಪು ಇಳಿದ ಮೇಲೆ ಕೊಡಿ. ಗಟ್ಟಿಯಾದದ್ದನ್ನು ನೆಕ್ಕಿ ಮುಗಿಸಲು ನಾಯಿಗೆ ಬಹಳ ಹೊತ್ತು ಹಿಡಿಯುತ್ತದೆ. ಗಾಯ ತೊಳೆಯುವಾಗಲೇ ಮುಂದಿಟ್ಟರೆ ನಿಮಗೂ ಅನುಕೂಲ. ಹಾಲು ಮೊಸರು ಒಗ್ಗದ ನಾಯಿಗೆ ಮೊಸರಿನ ಬದಲು ಉಪ್ಪು ಹಾಕದೆ ಕೋಳಿ ಬೇಯಿಸಿದ ನೀರು ಬೆರೆಸಿ. ಇದನ್ನು ದಿನದ ಊಟದ ಲೆಕ್ಕದಲ್ಲೇ ಸೇರಿಸಬೇಕು.

ನೆನಪಿಡಿ: ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತವೆ. ಮದುವೆಮನೆಯ ಮೊಸರನ್ನ ಉಳಿದಿದೆಯೆಂದು ಹಾಕುವವರು ಅದರಲ್ಲಿರುವ ದ್ರಾಕ್ಷಿಯನ್ನು ಗಮನಿಸಬೇಕು. ಹಸಿಯದಾಗಲಿ ಒಣಗಿದ್ದಾಗಲಿ, ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು.

ದಿನದಿನದ ಲೆಕ್ಕ

ಮೊದಲ ಮೂರು ದಿನ ಗಾಯದ ಸುತ್ತ ಸ್ವಲ್ಪ ಕೆಂಪು, ಸ್ವಲ್ಪ ಊತ, ತಿಳಿನೀರಿನಂಥ ಒಸರು ಇರುವುದು ಸಹಜ. ನಾಲ್ಕೈದು ದಿನದ ಹೊತ್ತಿಗೆ ತಳದಲ್ಲಿ ದಾಳಿಂಬೆ ಬೀಜದಂಥ ಕೆಂಪು ಮಾಂಸ ಕಾಣಿಸುತ್ತದೆ. ಅದು ಒಳ್ಳೆಯ ಲಕ್ಷಣ, ಹುಣ್ಣೆಂದು ಹೆದರಿ ಕೆರೆಯಬೇಡಿ. ಆಮೇಲೆ ಅಂಚಿನಿಂದ ತಿಳಿಗೆಂಪು ಚರ್ಮ ಒಳಗೆ ಸರಿದು ಬರುತ್ತದೆ. ಏಳರಿಂದ ಹದಿನಾಲ್ಕು ದಿನದಲ್ಲಿ ಚಿಕ್ಕ ಗಾಯ ಮುಚ್ಚಬೇಕು. ನವೆ ಹೆಚ್ಚುವುದು ಈ ಕೊನೆಯ ದಿನಗಳಲ್ಲೇ. ಹಾಗಾಗಿ ಗಾಯ ಮುಚ್ಚಿತೆಂದು ಕಂಡ ಮೇಲೂ ಇನ್ನೆರಡು ದಿನ ಕೋನ್ ಇರಲಿ. ಅಷ್ಟು ದಿನ ಸ್ನಾನ ಬೇಡ.

ಮಳೆಗಾಲ ಮತ್ತು ನೊಣ

ನಮ್ಮ ಊರುಗಳಲ್ಲಿ ಚಿಕ್ಕ ಗಾಯ ದೊಡ್ಡದಾಗುವ ಇನ್ನೊಂದು ದಾರಿ ನೊಣ. ಹಸಿ ಗಾಯದ ವಾಸನೆಗೆ ನೊಣ ಬಂದು ಅಂಚಿನ ಕೂದಲಿಗೆ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಅವು ಒಡೆದು ಹುಳುಗಳು ಮಾಂಸದೊಳಗೆ ಇಳಿಯುತ್ತವೆ. ನೆಕ್ಕಿ ನೆಕ್ಕಿ ಹಸಿಯಾಗಿಟ್ಟ ಗಾಯ ನೊಣಕ್ಕೆ ಹಬ್ಬ. ಆದ್ದರಿಂದ ಆ ಕೆಲವು ದಿನ ನಾಯಿ ಮನೆಯೊಳಗೇ ಇರಲಿ. ಗಾಯವನ್ನು ಬೆಳಿಗ್ಗೆ ಸಂಜೆ ಬೆಳಕಿನಲ್ಲಿ ನೋಡಿ, ಕಿವಿಯ ತುದಿ ಮತ್ತು ಬಾಲದ ಬುಡವನ್ನು ಮರೆಯದೆ ನೋಡಿ. ಮೊಟ್ಟೆ ಕಂಡರೆ ಆ ಕೂದಲನ್ನೇ ಕತ್ತರಿಸಿ ತೆಗೆದುಬಿಡಿ. ಹುಳು ಕಂಡರೆ ಮನೆಮದ್ದಿನ ಗೊಡವೆ ಬೇಡ. ಸೀತಾಫಲದ ಬೀಜದ ಪುಡಿ ಹಾಕುವ ರೂಢಿ ಉಂಟು. ಅದು ಕಣ್ಣಿಗೆ ಸೋಕಿದರೆ ನಾಯಿಗೂ ನಿಮಗೂ ಕಣ್ಣಿನ ಹುಣ್ಣಾದೀತು. ಅದೇ ದಿನ ದನದ ಆಸ್ಪತ್ರೆಗೆ ಕರೆದೊಯ್ಯಿರಿ.

ಕಚ್ಚಿದ ಗಾಯವಾದರೆ

ಇಲ್ಲಿಯವರೆಗೆ ಹೇಳಿದ್ದು ಮುಳ್ಳು, ತಂತಿ, ಗಾಜಿನ ಗಾಯಕ್ಕೆ. ಬೇರೆ ನಾಯಿ, ಬೆಕ್ಕು, ಮುಂಗುಸಿ ಕಚ್ಚಿದ ಗಾಯದ ಮಾತೇ ಬೇರೆ. ಮೇಲೆ ಎರಡು ತೂತು ಮಾತ್ರ ಕಾಣುತ್ತವೆ, ಒಳಗೆ ಮಾಂಸ ಹರಿದು ರೋಗಾಣು ಆಳಕ್ಕೆ ಸೇರಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹುಚ್ಚುನಾಯಿ ರೋಗದ ಭಯ. ಆ ರೋಗ ಹರಡುವುದು ಜೊಲ್ಲಿನಿಂದ.

ಇಂಥ ಗಾಯವನ್ನು ಕೈಗವಸು ತೊಟ್ಟು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಪಟ್ಟಿ ಕಟ್ಟಬೇಡಿ. ಚುಚ್ಚುಮದ್ದಿನ ಚೀಟಿ ಹಿಡಿದುಕೊಂಡು ಅದೇ ದಿನ ಪಶುವೈದ್ಯರ ಬಳಿ ಹೋಗಿ. ವರ್ಷ ವರ್ಷ ಲಸಿಕೆ ಹಾಕಿಸಿದ್ದರೂ ಕಚ್ಚಿದ ಮೇಲೆ ಮತ್ತೆ ಹಾಕಿಸಬೇಕಾಗುತ್ತದೆ. ಹಾಕಿಸದೇ ಇದ್ದರೆ ಒಂದು ಗಂಟೆಯೂ ತಡಮಾಡಬೇಡಿ. ತೊಳೆಯುವಾಗ ನಿಮ್ಮ ಕೈಯ ಗೀರಿಗೆ ಜೊಲ್ಲು ತಾಗಿದ್ದರೆ, ನಾಯಿಯಿಂದ ನಿಮಗೇ ಹಲ್ಲು ತಗುಲಿದ್ದರೆ, ನಿಮ್ಮ ಕೈಯನ್ನೂ ಹಾಗೆಯೇ ಸೋಪುನೀರಿನಲ್ಲಿ 15 ನಿಮಿಷ ತೊಳೆದು, ನಿಮ್ಮ ಡಾಕ್ಟರನ್ನು ಅಂದೇ ಕಾಣಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ, ಅದಕ್ಕೆ ಮೊದಲು ಹಾಕಿಸಿಕೊಳ್ಳುವ ಲಸಿಕೆ ಇದೆ. ನಾಯಿಯ ಕೆಲಸದಲ್ಲಿ ತಮ್ಮ ಕೈಯ ಗಾಯವನ್ನು "ಏನಾಗಲ್ಲ ಬಿಡಿ" ಎಂದು ಮರೆಯುವವರು ಹೆಂಗಸರೇ ಹೆಚ್ಚು. ದಯವಿಟ್ಟು ಮರೆಯಬೇಡಿ.

ಅಂದಹಾಗೆ, ನಾಯಿ ತನ್ನ ಗಾಯವನ್ನು ನೆಕ್ಕುವುದು ಹೇಗೆ ಸಲ್ಲದೋ, ನಿಮ್ಮ ಮಗುವಿನ ಮಂಡಿಯ ತರಚುಗಾಯವನ್ನು ನೆಕ್ಕುವುದೂ ಹಾಗೆಯೇ ಸಲ್ಲದು. ಪ್ರೀತಿಯಿಂದಲೇ ನೆಕ್ಕಿದರೂ ಬೇಡ.

ಡಾಕ್ಟರ ಬಳಿ ಯಾವಾಗ?

ಗಾಯ ಬಾಯಿಬಿಟ್ಟುಕೊಂಡು ಒಂದು ಅಂಗುಲಕ್ಕಿಂತ ಉದ್ದವಿದ್ದರೆ ಅಂದೇ ಹೋಗಿ. ಹೊಲಿಗೆ ಹಾಕುವುದಾದರೆ ಬೇಗ ಹಾಕಿದಷ್ಟು ಒಳಿತು. ಕಣ್ಣಿನ ಹತ್ತಿರ, ಕೀಲಿನ ಮೇಲೆ, ಕಿವಿಯೊಳಗೆ, ಮರ್ಮಸ್ಥಾನದಲ್ಲಿ ಗಾಯವಾದರೂ ಅಷ್ಟೇ. ಕೀವು, ದುರ್ವಾಸನೆ, ಸುತ್ತ ಬಿಸಿ, ಹೆಚ್ಚುತ್ತಿರುವ ಊತ ಕಂಡರೆ, ನಾಯಿ ಊಟ ಬಿಟ್ಟು ಮಂಕಾದರೆ ಕಾಯಬೇಡಿ. ನಾಯಿಯ ಮೈಶಾಖ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 103 ದಾಟಿದರೆ ಜ್ವರವೆಂದು ತಿಳಿಯಿರಿ. ಮೂರು ದಿನ ತೊಳೆದರೂ ಗಾಯ ಒಂದಿಷ್ಟೂ ಕುಗ್ಗದಿದ್ದರೂ ತೋರಿಸಬೇಕು.

ಗಾಯವೇ ಇಲ್ಲದ ಜಾಗವನ್ನು ನಾಯಿ ದಿನವೂ ನೆಕ್ಕುತ್ತಿದ್ದರೆ ಅದಕ್ಕೂ ಕಾರಣ ಹುಡುಕಬೇಕು. ಉಣ್ಣೆ, ಚಿಗಟ, ಅಲರ್ಜಿ, ಕೀಲುನೋವು, ಒಳಗೆ ಮುರಿದುಕೊಂಡ ಮುಳ್ಳು, ಕೆಲವೊಮ್ಮೆ ಬರೀ ಬೇಸರ. ಲ್ಯಾಬ್ರಡಾರ್, ಡಾಬರ್‌ಮನ್, ಅಲ್ಸೇಶಿಯನ್‌ನಂಥ ದೊಡ್ಡ ನಾಯಿಗಳು ಮುಂಗಾಲಿನ ಮಣಿಕಟ್ಟನ್ನೇ ನೆಕ್ಕಿ ನೆಕ್ಕಿ, ಕೂದಲುದುರಿ, ಚರ್ಮ ದಪ್ಪಗಟ್ಟಿ, ತಿಂಗಳುಗಟ್ಟಲೆ ಮಾಯದ ಹುಣ್ಣು ಮಾಡಿಕೊಳ್ಳುತ್ತವೆ. ಚಟ ಹತ್ತಿದ ಮೇಲೆ ಬಿಡಿಸುವುದು ಕಷ್ಟ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಸುತ್ತಾಡಿಸುವುದು ಇಲ್ಲಿ ಯಾವ ಮುಲಾಮಿಗೂ ಕಡಿಮೆಯಲ್ಲ. ಆ ಕೆಲಸವನ್ನು ಮಾತ್ರ, ನಾಯಿ ಬೇಕೆಂದು ಹಟ ಹಿಡಿದವರಿಗೇ ವಹಿಸಿ!

ಒಟ್ಟಿನಲ್ಲಿ ಚಿಕ್ಕ ಗಾಯಕ್ಕೆ ಬೇಕಾದದ್ದು ಉಪ್ಪುನೀರು, ಒಣಬಟ್ಟೆ, ಕೊರಳಿಗೊಂದು ಕೋನ್, ಜೊತೆಗೆ ಸ್ವಲ್ಪ ಗಟ್ಟಿ ಮನಸ್ಸು. ಗಾಯವನ್ನು ಮಾಯಿಸುವ ಶಕ್ತಿ ನಾಯಿಯ ಮೈಯಲ್ಲೇ ಇದೆ. ಆ ಕೆಲಸಕ್ಕೆ ನಾಲಗೆ ಅಡ್ಡ ಬರದಂತೆ ಹತ್ತು ದಿನ ನೋಡಿಕೊಂಡರೆ ನಿಮ್ಮ ಪಾಲಿನ ಆರೈಕೆ ಮುಗಿದಂತೆ.